ಕ್ಲಬ್ಬಿನ ಮಣಿಪೆಟ್ಟಿಗೆ

ನನ್ನ ಬಾಯಿಗೆ ಬೀಗ ಇಲ್ಲವೆಂದು ನನ್ನ ಹೆಂಡತಿ ಪ್ರೇಮಮ್ಮ ಮದುವೆಯಾದ ಮೂರನೆಯ ದಿನವೇ ಹೇಳಿದ್ದಳು. ಇಪ್ಪತ್ತೆರಡು ವರ್ಷ ನಾನದನ್ನು ಒಪ್ಪಿರಲಿಲ್ಲ. ಒಪ್ಪಿದ್ದು ಸಾವಿರದ ಒಂಬೈನೂರ ಐವತ್ತೈದರಲ್ಲಿ, ಮೈಸೂರಿನಲ್ಲಿ, ರಿಟೈರ್ಡ್ ಅಮಲ್ದಾರ್ ವೀರಭದ್ರಸ್ವಾಮಿಗಳ ಮನೆಯ ವರಾಂಡದಲ್ಲಿ ಕೂತು ಕಾಫಿ ಕುಡಿಯುವಾಗ.

ಹೋದದ್ದು ಮಗಳು ನೀಲಾಂಬಿಕೆಯ ವಿಷಯಕ್ಕೆ. ಅಮಲ್ದಾರರ ಮಗ ಇಂಜಿನಿಯರು. ನಮ್ಮವರೇ, ಒಂದೇ ಮಠದ ಭಕ್ತರು. ಆದರೆ ಅವರೆಲ್ಲಿ, ನಾನೆಲ್ಲಿ? ನಮ್ಮಪ್ಪ ಬಟ್ಟೆಯ ಗಂಟು ತಲೆಯ ಮೇಲೆ ಹೊತ್ತು ಸಂತೆ ಸಂತೆ ಅಲೆದವರು. ನಾನು ಹುಣಸೂರಿನ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟು, ಒಂದು ಮೂಲೆಯಲ್ಲಿ ಬಳೆ, ಮಣಿ, ರಿಬ್ಬನ್ನು ಮಾರಿ, ಮಗಳನ್ನು ಇಂಟರ್‌ಮೀಡಿಯೆಟ್‌ವರೆಗೆ ಓದಿಸಿದವನು. ಪುಟ್ಟಮಲ್ಲಪ್ಪ ಎಂದರೆ ಹುಣಸೂರಿನಲ್ಲಿ ಗೊತ್ತು. ಮೈಸೂರಿನಲ್ಲಿ ಯಾರಿಗೆ ಗೊತ್ತು?

ಅಮಲ್ದಾರರು ಹುಡುಗಿಯ ಫೋಟೋ ನೋಡಿದರು. ತಲೆದೂಗಿದರು. ಆಮೇಲೆ ಬೆತ್ತವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಹುಣಸೂರಲ್ಲಿ ಸಾಯಂಕಾಲ ಎಲ್ಲಿ ಕೂತ್ಕೋತೀರಿ?"

ಅಂಗಡಿಯಲ್ಲಿ ಅನ್ನಬೇಕಿತ್ತು. ಅದು ನಿಜ. ಅಂದರೆ ನನ್ನ ಗಂಟೇನು ಹೋಗುತ್ತಿತ್ತು?

"ಕ್ಲಬ್ಬಿನಲ್ಲಿ ಸ್ವಾಮಿ. ನಾನು ಮೆಂಬರು."

ಅವರ ಮುಖ ಅರಳಿತು. "ಹಾಗನ್ನಿ ಮತ್ತೆ! ಇದೊಂದು ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತೀನಿ. ಹೆಂಗಸರ ಎದುರಿಗೆ ಬೇಡ, ಮೊದಲು ನಿಮ್ಮ ಕ್ಲಬ್ಬಲ್ಲೇ ಕೂತು ಮಾತು ಮುಗಿಸೋಣ. ಆಮೇಲೆ ಮನೆಗೆ ಬಂದು ಹುಡುಗಿ ನೋಡ್ತೀನಿ."

ಮನೆಗೆ ಬಂದು ಹೇಳಿದರೆ ಪ್ರೇಮಮ್ಮ ಮೊರ ಕೆಳಗಿಟ್ಟಳು.

"ಯಾವ ಕ್ಲಬ್ಬು? ನಿಮ್ಮನ್ನ ಅವರು ಒಳಕ್ಕೆ ಬಿಟ್ಟಿದ್ದು ಒಂದೇ ಸಲ. ಕಿಟಕಿ ಪರದೆಗೆ ಅಳತೆ ತಗೊಳ್ಳೋಕೆ."

ಲಕ್ಷ್ಮಣತೀರ್ಥದ ದಡದಲ್ಲಿರುವ ಆ ಹೆಂಚಿನ ಕಟ್ಟಡ ಬಿಳಿಯರ ಕಾಲದ್ದು. ನಾನು ಚಿಕ್ಕವನಾಗಿದ್ದಾಗ ಅದರ ಬೇಲಿಯ ಹತ್ತಿರ ನಿಂತರೆ ನಾಯಿ ಬಿಡುತ್ತಿದ್ದರು. ಬಿಳಿಯರು ಹೋದರು. ಅವರ ಬೆತ್ತದ ಕುರ್ಚಿಗಳು, ಗೋಡೆಯ ಕಾಡುಕೋಣದ ತಲೆ, ಇಂಗ್ಲಿಷಿನ ರೂಲ್ಸು ಮಾತ್ರ ಉಳಿದವು. ಈಗ ಅಲ್ಲಿ ಡಾಕ್ಟರು, ಲಾಯರುಗಳು, ರೇಂಜ್ ಆಫೀಸರು. ನನ್ನ ಎದುರಂಗಡಿಯ ಲಿಂಗಣ್ಣ ಕೂಡ. ಅವನೂ ಜವಳಿ ವ್ಯಾಪಾರಿ, ನಮ್ಮವನೇ. ಎರಡು ವರ್ಷದ ಹಿಂದೆ ಮೆಂಬರಾದ ಮೇಲೆ ಸಂಜೆ ಐದಕ್ಕೇ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಕೋಟು ಹಾಕಿಕೊಂಡು, ಬೇಕೆಂದೇ ನನ್ನ ಕಣ್ಣ ಮುಂದೆ ಹಾದುಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅಮಲ್ದಾರರ ಮುಂದೆ ನನ್ನ ಬಾಯಲ್ಲಿ ಮಾತಾಡಿದ್ದು ಆ ಉರಿಯೇ.

ಮರುದಿನ ಬೆಳಗ್ಗೆಯೇ ಕ್ಲಬ್ಬಿನ ಸೆಕ್ರೆಟರಿ ಲಾಯರ್ ದೇವರಾಜು ಅವರಿಗೆ ಅರ್ಜಿ ಕೊಟ್ಟೆ. ನನ್ನ ಹೆಸರು ಸೂಚಿಸಿ ರುಜು ಹಾಕಿದವರು ವೀರನಹೊಸಹಳ್ಳಿಯ ಜವರಯ್ಯಗೌಡರು.

ಜವರಯ್ಯನವರ ವಿಷಯ ಹೇಳಬೇಕು. ಅಪ್ಪ ಕಾಡಂಚಿನ ಹಳ್ಳಿಗಳಿಗೆ ಗಂಟು ಹೊತ್ತು ಹೋಗುವಾಗ ಮಲಗುತ್ತಿದ್ದದ್ದು ಅವರ ಜಗಲಿಯಲ್ಲಿ. ಅವರ ಮನೆಯವರು ಅಕ್ಕಿ ಬೇಳೆ ಕೊಟ್ಟರೆ ಅಪ್ಪ ಹಿತ್ತಿಲಲ್ಲಿ ಬೇಯಿಸಿಕೊಂಡು, ಲಿಂಗಪೂಜೆ ಮಾಡಿ ಉಣ್ಣುತ್ತಿದ್ದರಂತೆ. ಆ ನಂಟು ನಮ್ಮ ಕಾಲಕ್ಕೂ ಉಳಿದಿತ್ತು. ಕ್ಲಬ್ಬಿನ ಪಕ್ಕದಲ್ಲೇ ಜವರಯ್ಯನವರದ್ದೊಂದು ಹೊಲವಿತ್ತು. ಹೋದ ವರ್ಷ ಟೆನಿಸ್ ಆಡಲು ಜಾಗ ಬೇಕೆಂದಾಗ ಸುಮ್ಮನೆ ಬಿಟ್ಟುಕೊಟ್ಟರು. ಅದಕ್ಕೆ ಪ್ರತಿಯಾಗಿ ಅವರನ್ನು ಓಟು ಗೀಟು ಏನೂ ನಡೆಸದೆ ಆಜೀವ ಮೆಂಬರ್ ಮಾಡಿಕೊಂಡರು. ಅವರು ಸಂತೆಯ ದಿನ ಗಾಡಿಯಲ್ಲಿ ಬಂದು, ಕ್ಲಬ್ಬಿನ ಮೆಟ್ಟಿಲ ಹತ್ತಿರ ಚೀಲದಿಂದ ಬೂಟು ತೆಗೆದು ಹಾಕಿಕೊಂಡು, ವರಾಂಡದ ಕೊನೆಯ ಕುರ್ಚಿಯಲ್ಲಿ ಒಂದು ಗಂಟೆ ಕೂತು ಹೋಗುತ್ತಿದ್ದರು. ಅವರ ಮನೆಯಲ್ಲೊಂದು ಪದ್ಧತಿ. ಬೇಕಾದವರ ಮನೆಯ ಹುಡುಗಿಗೆ ಮದುವೆ ಎಂದರೆ ತಾಳಿಗೆ ಪೋಣಿಸಲು ಒಂದು ಕರಿಮಣಿ ಕೊಡುವುದು. ಒಂದೇ ಒಂದು ಮಣಿ. ಅದನ್ನು ಆರಿಸಲು ನನ್ನ ಅಂಗಡಿಯಲ್ಲಿ ಅರ್ಧ ದಿನ ಕೂರುತ್ತಿದ್ದರು. ಬೆಳಕಿಗೆ ಹಿಡಿದು, ತೂತಿನಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನಾನೇ ಕಟ್ಟಿಕೊಟ್ಟಿದ್ದೇನೆ, ಎಷ್ಟೋ ಸಲ.

ಓಟಿನ ದಿನ ಗುರುವಾರ ಎಂದು ಗೊತ್ತಾಯಿತು. ಸೋಮವಾರ ದೇವರಾಜು ಅವರು ಅಂಗಡಿಗೆ ಬಂದರು.

"ಪುಟ್ಟಮಲ್ಲಪ್ಪನೋರೆ, ಬಿಳಿಯರ ಕಾಲದ ಓಟಿನ ಗುಂಡುಗಳು ಎಲ್ಲೋ ಕಳೆದುಹೋಗಿವೆ. ದೊಡ್ಡ ಮಣಿ ಇದ್ದರೆ ಕೊಡಿ. ಹನ್ನೊಂದು ಬಿಳಿ, ಹನ್ನೊಂದು ಕರಿ. ಒಬ್ಬೊಬ್ಬ ಮೆಂಬರಿಗೂ ಒಂದೊಂದು ಜೊತೆ. ಪೆಟ್ಟಿಗೆಯೊಳಗೆ ಕೈಯಿಟ್ಟು ಒಂದನ್ನ ಬಿಡ್ತಾರೆ. ಬಿಳಿ ಅಂದ್ರೆ ಬೇಕು, ಕರಿ ಅಂದ್ರೆ ಬೇಡ. ಒಂದೇ ಒಂದು ಕರಿ ಬಿದ್ರೂ ಮುಗೀತು, ಆರು ತಿಂಗಳು ಅರ್ಜಿ ಹಾಕೋ ಹಾಗಿಲ್ಲ."

"ಒಂದೇ ಒಂದಾ?"

"ಒಂದೇ. ಮತ್ತೆ, ನೀವು ಯಾರ ಹತ್ತಿರವೂ ಓಟಿನ ಮಾತು ಎತ್ತಬಾರದು. ಅದು ಜಂಟಲ್‌ಮನ್ ಲಕ್ಷಣ ಅಲ್ಲ."

ನಾನು ಮಣಿಗಳನ್ನು ಎಣಿಸಿ ಪೊಟ್ಟಣ ಕಟ್ಟಿದೆ. ದುಡ್ಡು ಬೇಡವೆಂದೆ. ಅಂದಿನಿಂದ ನನಗೆ ಊಟ ಸೇರಲಿಲ್ಲ. ಹನ್ನೊಂದು ಜನರನ್ನು ಬೆರಳು ಮಡಿಸಿ ಎಣಿಸುವುದು, ಲಿಂಗಣ್ಣನ ಬೆರಳು ಬಂದಾಗ ನಿಲ್ಲುವುದು, ಮತ್ತೆ ಮೊದಲಿನಿಂದ ಎಣಿಸುವುದು. ನೀಲಾಂಬಿಕೆ ಒಂದು ಸಲ ಕೇಳಿದಳು, "ಅಪ್ಪಾ, ಇದು ನನಗೆ ಗಂಡು ನೋಡೋದಾ, ನಿಮ್ಮ ಪರೀಕ್ಷೆಯಾ?" ನಾನು ಗದರಿದೆ. ಅವಳು ಒಳಗೆ ಹೋದಳು.

ಬುಧವಾರ ಸಂತೆ ಮುಗಿಸಿ ಜವರಯ್ಯನವರು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಸಾವ್ಕಾರ್ರೆ, ನಾಳೀಕೆ ಎಲ್ಡು ಮಣಿ ಕೊಡ್ತರಂತೆ. ಒಂದ್ ಬಿಳೀದು, ಒಂದ್ ಕರೀದು. ಯಾವ್ದ ಆಕ್ಲಿ? ಆ ಲಾಯರ್ನ ಕೇಳುದ್ರೆ ನಗ್ತನೆ ಕಣ್ರೀ."

ಬಾಯಿಗೆ ಬೀಗ ಇಲ್ಲದವನು ಆವತ್ತು ಬೀಗ ಹಾಕಿಕೊಂಡೆ. ಎದುರಂಗಡಿಯಿಂದ ಲಿಂಗಣ್ಣ ನಮ್ಮನ್ನೇ ನೋಡುತ್ತಿದ್ದ. ನಾನು ಹೇಳಿಕೊಟ್ಟೆನೆಂದು ಗೊತ್ತಾದರೆ ಅದನ್ನೇ ಎತ್ತಿ ಆಡುತ್ತಾನೆ. ಅದೂ ಅಲ್ಲದೆ, ನಾನು ಆಗಲೇ ಅರ್ಧ ಜಂಟಲ್‌ಮನ್ ಆಗಿಬಿಟ್ಟಿದ್ದೆ.

"ಅದನ್ನ ನಾನು ಹೇಳಬಾರದು ಗೌಡ್ರೆ. ಕ್ಲಬ್ಬಿನ ಮರ್ಯಾದೆ. ನಿಮ್ಮ ಮನಸ್ಸಿಗೆ ಯಾವುದು ಶುಭ ಅನ್ನಿಸುತ್ತೋ ಅದನ್ನ ಹಾಕಿ."

"ಅಂಗಾ? ಸರಿ ಬುಡಿ. ನೀಲವ್ವನ ಮದುವೆ ಕೆಲ್ಸ ಅಲ್ವಾ ಇದು?"

"ಹೂಂ, ಅದಕ್ಕೇ."

"ಅಂಗಾದ್ರೆ ನನಗೊತ್ತು ಬುಡಿ" ಎಂದು ಎದ್ದು ಹೋದರು.

ಗುರುವಾರ ಸಂಜೆ ದೇವರಾಜು ಅವರು ಬಂದಾಗ ನಾನು ಒಂದೇ ಪಂಚೆಯನ್ನು ನಾಲ್ಕನೆಯ ಸಲ ಮಡಿಸುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂರಲಿಲ್ಲ. ಅಷ್ಟರಲ್ಲೇ ಗೊತ್ತಾಯಿತು.

"ಹತ್ತು ಬಿಳಿ. ಒಂದು ಕರಿ. ಬಹಳ ವಿಷಾದ ಪುಟ್ಟಮಲ್ಲಪ್ಪನೋರೆ. ಯಾರು ಹಾಕಿದ್ದು ಅಂತ ನನಗೂ ಗೊತ್ತಾಗೋ ಹಾಗಿಲ್ಲ." ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. "ಒಂದು ದಾರಿ ಇದೆ. ಯಾರಾದರೂ ತಾನು ತಪ್ಪಿ ಹಾಕಿದೆ ಅಂತ ಎಲ್ಲ ಮೆಂಬರುಗಳ ಮುಂದೆ ಒಪ್ಪಿಕೊಂಡು ಬರೆದುಕೊಟ್ಟರೆ ಮತ್ತೆ ಓಟು ಹಾಕಬಹುದು. ಆದರೆ ಯಾವ ಮರ್ಯಾದಸ್ಥ ಹಾಗೆ ಬರೆದುಕೊಡ್ತಾನೆ?"

ಮರುದಿನ ಬೆಳಗ್ಗೆ ಎದ್ದವನೇ ಬೀದಿ ದಾಟಿ ಲಿಂಗಣ್ಣನ ಅಂಗಡಿಯ ಮುಂದೆ ನಿಂತೆ. ಗಿರಾಕಿಗಳಿದ್ದರು. ಇರಲಿ ಎಂದೇ ನಿಂತೆ.

"ನಿನ್ನ ಹೊಟ್ಟೆಕಿಚ್ಚು ತಣ್ಣಗಾಯ್ತೇನೋ ಲಿಂಗಣ್ಣ? ಹೆಣ್ಣುಮಗಳ ಕಲ್ಯಾಣಕ್ಕೆ ಕಲ್ಲು ಹಾಕಿ ಏನು ಕಟ್ಕೊಂಡೆ?"

ಲಿಂಗಣ್ಣ ಅಳತೆಗೋಲು ಕೆಳಗಿಟ್ಟ. ಆಮೇಲೆ ಅಂಗಿಯೊಳಗೆ ಕೈಹಾಕಿ ಕೊರಳಲ್ಲಿದ್ದ ಲಿಂಗದ ಕರಡಿಗೆ ಹಿಡಿದುಕೊಂಡ. "ಲಿಂಗದಾಣೆಗೂ ನಾನು ಬಿಳೀದು ಹಾಕಿದೀನಿ ಕಣೋ."

"ಆ ಲಿಂಗ ನಿನ್ನ ಕೊರಳಲ್ಲಿ ಇರೋದೇ ಒಂದು ಪಾಪ!"

ಇಡೀ ಪೇಟೆ ಕೇಳಿಸಿಕೊಂಡಿತು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಲಿಂಗಣ್ಣನ ಕಣ್ಣಲ್ಲಿ ನೀರು ಬಂತು. ನಾಟಕ ಎಂದುಕೊಂಡು ಬಂದುಬಿಟ್ಟೆ.

ಶನಿವಾರ ಮಧ್ಯಾಹ್ನ ಜವರಯ್ಯನವರು ಒಂದು ಕುಂಬಳಕಾಯಿ ಹೊತ್ತು ನಗುನಗುತ್ತಾ ಮನೆಗೇ ಬಂದರು. ಗುರುವಾರ ಓಟು ಹಾಕಿದ ಕೂಡಲೇ ಗಾಡಿ ಹತ್ತಿ ಊರಿಗೆ ಹೋಗಿದ್ದರು, ಏನಾಯಿತೆಂಬುದು ಅವರಿಗೆ ಗೊತ್ತಿರಲಿಲ್ಲ.

"ಏನ್ ಸಾವ್ಕಾರ್ರೆ, ಎಲ್ಲಾ ಹಣ್ಣಾಯ್ತಾ? ಆಗ್ದೆ ಏನು! ನಾನು ಪೆಟ್ಗೆ ಒಳೀಕೆ ಕೈ ಬುಟ್ಟು, ನಮ್ಮ ದೇವರ ನೆನೆಸ್ಕೊಂಡು, ಕರಿಮಣಿ ಬುಟ್ಟೆ. ಮದುವೆ ಕಾರ್ಯ, ಕರಿಮಣಿ ಇಲ್ದೆ ಆಯ್ತದಾ? ಬಿಳಿಮಣೀನ ಇತ್ಲಾಗೆ ದಾರೀಲೇ ಬಿಸಾಕ್ಬುಟ್ಟೆ. ವಿಧವೆ ಕೊರಳಂಗೆ ಬೋಳು ಬಿಳೀದ್ಯಾಕೆ ಆಕ್ಲಿ ನಮ್ಮ ನೀಲವ್ವಂಗೆ?"

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಒಳಬಾಗಿಲಲ್ಲಿ ಪ್ರೇಮಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅವರಿಗೆ ಎಷ್ಟು ಕರಿಮಣಿ ಕಟ್ಟಿಕೊಟ್ಟಿದ್ದೆ ಈ ಕೈಯಲ್ಲಿ! ಬುಧವಾರ ಒಂದು ಮಾತು, 'ಬಿಳೀದು ಹಾಕಿ ಗೌಡ್ರೆ' ಎನ್ನುವ ಮೂರು ಪದ ಹೇಳಿದ್ದರೆ ಆಗಿಹೋಗುತ್ತಿತ್ತು.

"ಏನಾಯ್ತು ಸಾವ್ಕಾರ್ರೆ?"

"ಏನಿಲ್ಲ. ಸ್ವಲ್ಪ ಬರಹದ ಕೆಲಸ ಬಾಕಿ ಇದೆಯಂತೆ. ನಾಳೆ ಬೀಗರು ಬರ್ತಾರೆ. ನೀವೇ ನಮ್ಮನ್ನ ಒಳಗೆ ಕರ್ಕೊಂಡು ಹೋಗಿ" ಎಂದೆ. ಮೆಂಬರು ತನ್ನ ಅತಿಥಿಗಳನ್ನು ಕರೆದುಕೊಂಡು ಹೋಗಬಹುದಿತ್ತು. ಅವರು ಹಿಗ್ಗಿ ಹೋದರು.

ಅವರು ಅತ್ತ ಹೋದ ಮೇಲೆ ನಾನು ಚಪ್ಪಲಿ ಮೆಟ್ಟಿ ದೇವರಾಜು ಅವರ ಮನೆಗೆ ಹೊರಟೆ. ಗೌಡರು ಬರೆದುಕೊಟ್ಟರೆ ನಾಳೆ ಬೆಳಗ್ಗೆಯೇ ಮತ್ತೆ ಓಟು, ಹನ್ನೊಂದು ಬಿಳಿ, ಮಗಳ ಬಾಳು ಬಂಗಾರ. ಹೇಳುವುದರಲ್ಲಿ ತಪ್ಪೇನು? ದಾರಿಯುದ್ದಕ್ಕೂ ನನಗೆ ನಾನೇ ವಕೀಲಿ ಮಾಡಿಕೊಂಡೆ.

ದೇವರಾಜು ಅವರ ಕಿಟಕಿಯಿಂದ ನಗು ಕೇಳಿಸಿತು. ಡಾಕ್ಟರ ದನಿ. "ಟೆನಿಸ್ ಕಂಬಕ್ಕೆ ಎತ್ತು ಕಟ್ಟಿದ್ದ ಕಣ್ರೀ ಗೌಡ! ಕೇಳಿದ್ರೆ, ಯಾವಾಗ್ಲೂ ಇಲ್ಲೇ ಕಟ್ಟೋದು ಅಂತಾನೆ!" ಮತ್ತೆ ನಗು. "ಇವನ್ನ ಸಾಗಹಾಕೋಕೆ ಒಂದು ರೂಲು ಹುಡುಕ್ರೀ ಸೆಕ್ರೆಟ್ರಿ" ಎಂದು ಇನ್ನೊಬ್ಬರು.

ಬಾಗಿಲು ತಟ್ಟಲು ಎತ್ತಿದ ಕೈ ಇಳಿಸಿದೆ. ತಾವೇ ಕೊಟ್ಟ ಹೊಲದಲ್ಲಿ ನಿಂತು ಗೌಡರು ಇವರ ಮುಂದೆ ತಪ್ಪೊಪ್ಪಿಗೆ ಓದುವುದು ಕಣ್ಣಿಗೆ ಕಟ್ಟಿತು. ಥೂ ನನ್ನ ಜನ್ಮಕ್ಕೆ ಎಂದುಕೊಂಡು ವಾಪಸು ಬಂದೆ.

"ಹೇಳಿದ್ರಾ?" ಎಂದಳು ಪ್ರೇಮಮ್ಮ.

"ಇಲ್ಲ."

"ಹಾಗಾದ್ರೆ ನಾಳೆ?"

"ಗೌಡರ ಅತಿಥಿಗಳಾಗಿ ಹೋಗ್ತೀವಿ. ಅಮಲ್ದಾರರಿಗೆ ಯಾರು ಹೇಳ್ತಾರೆ?"

ಭಾನುವಾರ ಸಂಜೆ ಅಮಲ್ದಾರರು ಕೋಟು, ಪೇಟ, ಬೆತ್ತದೊಂದಿಗೆ ಬಸ್ಸಿಳಿದರು. ಕ್ಲಬ್ಬಿನ ಮೆಟ್ಟಿಲಲ್ಲಿ ಜವರಯ್ಯನವರು ಬೂಟು ಕಿರಿಗುಟ್ಟಿಸುತ್ತಾ ಕೈಮುಗಿದರು. ಪುಸ್ತಕದಲ್ಲಿ ನಮ್ಮಿಬ್ಬರ ಹೆಸರನ್ನೂ ಅತಿಥಿಗಳ ಸಾಲಿನಲ್ಲಿ ಬರೆದು, ಅಕ್ಷರ ಅಕ್ಷರ ಕೂಡಿಸಿ ರುಜು ಮಾಡಿದರು. ಅಮಲ್ದಾರರು ಆಗ ಕಾಡುಕೋಣದ ತಲೆ ನೋಡುತ್ತಿದ್ದರು. ವರಾಂಡದಲ್ಲಿ ಕೂತೆವು. ಒಳಗೆ ಇಸ್ಪೀಟಿನ ಮೇಜಿನಲ್ಲಿ ಲಿಂಗಣ್ಣ ಕೂತಿದ್ದ. ನಾನು ಅತ್ತ ನೋಡಲಿಲ್ಲ.

"ಚೆನ್ನಾಗಿದೆ ನಿಮ್ಮ ಕ್ಲಬ್ಬು" ಎಂದರು ಅಮಲ್ದಾರರು. "ನಮ್ಮ ಹುಡುಗನಿಗೂ ಹಿಡಿಸುತ್ತೆ. ನೋಡಿ, ಶ್ರಾವಣ ಕಳೆದ ಮೇಲೆ ಲಗ್ನ ಇಟ್ಕೊಳ್ಳೋದು ಅಂತ..."

ಲಗ್ನ! ಆ ಮಾತು ಕಿವಿಗೆ ಬಿತ್ತು. ಹಿಂದೆಯೇ ಒಳಗೆ ಕುರ್ಚಿ ಸರಿದ ಸದ್ದು. ಲಿಂಗಣ್ಣ ಎದ್ದು ಬಂದು ನಮ್ಮ ಮುಂದೆ ನಿಂತ.

"ಶರಣು ಅಮಲ್ದಾರ್ ಸಾಹೇಬ್ರೆ. ಇದು ಇವರ ಕ್ಲಬ್ಬಲ್ಲ. ಗುರುವಾರ ಇವರಿಗೆ ಕರಿ ಮಣಿ ಬಿತ್ತು. ನಾನು ಹಾಕಿದೆ ಅಂತ ನಡುಬೀದಿಯಲ್ಲಿ ನಿಂತು ನನ್ನ ಕೊರಳ ಲಿಂಗಕ್ಕೆ ಬೈದರು. ನಾನು ಹಾಕಲಿಲ್ಲ. ಹಾಕಿದ್ದರೆ ಈ ಲಿಂಗ ಈಗಲೇ ತೆಗೆದಿಡ್ತೀನಿ. ಪುಟ್ಟಮಲ್ಲಪ್ಪ, ಯಾರು ಹಾಕಿದ್ದು ಅಂತ ಇವತ್ತು ಹೇಳಲೇಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ ಮಾತು ಮೂರು ದಿನಕ್ಕೆ ಬಡ್ಡಿಸಮೇತ ಮನೆಗೆ ಬಂದಿತ್ತು. ಎದ್ದು ನಿಂತು ಕೈ ಮುಗಿದೆ.

"ತಪ್ಪಾಯ್ತು ಲಿಂಗಣ್ಣ. ನೀನು ಹಾಕಲಿಲ್ಲ. ಯಾರು ಹಾಕಿದ್ರೋ ನನಗೆ ಗೊತ್ತಿಲ್ಲ. ಇಲ್ಲಿಗೆ ಬಿಟ್ಟುಬಿಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ."

"ಗೊತ್ತಿಲ್ದೆ ಏನು ಸಾವ್ಕಾರ್ರೆ!" ಕೊನೆಯ ಕುರ್ಚಿಯಿಂದ ಜವರಯ್ಯನವರು ಎದೆ ಸೆಟೆಸಿ ಎದ್ದರು. "ನಾನೇ ಅಲ್ವಾ ಆಕಿದ್ದು! ನಿನ್ನೆ ನಿಮ್ಮ ಮನೇಲಿ ಏಳ್ನಿಲ್ವಾ? ಕೇಳಿ ಸ್ವಾಮೇರಾ, ಇವರ ಮಗಳ ಮದುವೆ ಚೆಂದಾಗಾಗ್ಲಿ ಅಂತ ಕರಿಮಣಿ ಬುಟ್ಟೋನು ನಾನು, ಜವರಯ್ಯ!"

ಮೊದಲು ಡಾಕ್ಟರು ಕಿಸಕ್ಕೆಂದರು. ಅಲ್ಲಿಂದ ಇಡೀ ಕ್ಲಬ್ಬು ನಕ್ಕಿತು. ದೇವರಾಜು ಅವರು ಕಣ್ಣೊರೆಸಿಕೊಳ್ಳುತ್ತಾ ಜವರಯ್ಯನವರ ಭುಜದ ಮೇಲೆ ಕೈಯಿಟ್ಟು, ಬಿಳಿ ಎಂದರೇನು ಕರಿ ಎಂದರೇನು ಎಂದು ಬಿಡಿಸಿ ಹೇಳಿದರು. ಲಿಂಗಣ್ಣ ಒಬ್ಬ ನಗಲಿಲ್ಲ. ತಲೆ ತಗ್ಗಿಸಿದ.

ಜವರಯ್ಯನವರು ನನ್ನನ್ನು ನೋಡಿದರು. ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚಿದರು. ಎರಡನ್ನೂ ಜೋಡಿಸಿ ಗೋಡೆಯ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ಟೆನಿಸ್ ಅಂಗಳ ದಾಟಿ ಗಾಡಿಯ ಕಡೆ ನಡೆದರು.

ಅಮಲ್ದಾರರೂ ನಗುತ್ತಿದ್ದರು. ನನ್ನ ತೋಳು ಹಿಡಿದು ಎಳೆದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ನೀವು ಹೇಳಿದ್ದು ಸುಳ್ಳು, ಆದರೆ ಪಾಪ, ತಪ್ಪು ನಿಮ್ಮದಲ್ಲ. ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಿ. ಅದಕ್ಕೆ ಮೊದಲು ಆ ಗಮಾರನ್ನ ಹೊರಗೆ ಹಾಕ್ಸಿ, ಅಷ್ಟೆ. ಕೂತ್ಕೊಳ್ರೀ, ನಮ್ಮ ಮಾತು ಮುಗಿದಿಲ್ಲ."

ಕೂತಿದ್ದರೆ ಮದುವೆ ಆಗುತ್ತಿತ್ತು. ಇವತ್ತಿಗೂ ಅದು ನನಗೆ ಗೊತ್ತು. ನಾನು ತೋಳು ಬಿಡಿಸಿಕೊಂಡೆ. "ಅವರು ನಮ್ಮಪ್ಪನಿಗೆ ಅಕ್ಕಿ ಕೊಟ್ಟ ಮನೆಯವರು ಸ್ವಾಮಿ" ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ಮೆಟ್ಟಿಲಿಳಿದು ಓಡಿದೆ.

ರಸ್ತೆಯ ಹತ್ತಿರ ಜವರಯ್ಯನವರು ಸಿಕ್ಕರು. ನೊಗ ಎತ್ತಿ ಎತ್ತು ಹೂಡುತ್ತಿದ್ದರು. "ಗೌಡ್ರೆ" ಎಂದೆ. ಅವರು ತಿರುಗಲಿಲ್ಲ.

"ನಿಮ್ಮನ್ನೇ ಕೇಳಿದ್ನಲ್ಲ ಸಾವ್ಕಾರ್ರೆ" ಎಂದರು. "ಯಾವ್ದ ಆಕ್ಲಿ ಅಂತ."

ಇಷ್ಟೇ. ಗಾಡಿ ಹೊರಟಿತು.

ಅಮಲ್ದಾರರು ಹುಡುಗಿಯನ್ನು ನೋಡದೆಯೇ ಬಸ್ಸು ಹತ್ತಿದರು. ಅವರ ಕಡೆಯಿಂದ ಪತ್ರ ಬರಲಿಲ್ಲ, ನಾನೂ ಬರೆಯಲಿಲ್ಲ. ಲಿಂಗಣ್ಣನ ಅಂಗಡಿಯ ಮುಂದೆ ಹಗಲು ಹೊತ್ತಿನಲ್ಲೇ, ಗಿರಾಕಿಗಳ ಎದುರಿಗೇ ಹೋಗಿ ಕ್ಷಮೆ ಕೇಳಿದೆ. ಜವರಯ್ಯನವರು ಸಂತೆಗೆ ಬಂದರೂ ನಮ್ಮ ಬೀದಿಗೆ ಬರಲಿಲ್ಲ. ಎರಡು ಸಲ ವೀರನಹೊಸಹಳ್ಳಿಗೆ ಹೋದೆ. ಅವರ ಹೆಂಡತಿ ದೊಡ್ಡಮ್ಮ ಹಾಲು ಕೊಟ್ಟು, "ಒಲತಾವ ಅವ್ರೆ" ಎಂದರು. ಹೊಲದಲ್ಲಿ ಅವರು ಕಾಣಲಿಲ್ಲ.

ಮಾರನೆಯ ವರ್ಷ ನೀಲಾಂಬಿಕೆಗೆ ಹೆಗ್ಗಡದೇವನಕೋಟೆಯ ಸ್ಕೂಲು ಮೇಷ್ಟರೊಬ್ಬರ ಜೊತೆ ಮದುವೆ ಗೊತ್ತಾಯಿತು. ಹುಡುಗನನ್ನು ಅವಳೇ ಮೆಚ್ಚಿಕೊಂಡಳು. ಮದುವೆಯ ಹಿಂದಿನ ದಿನ ಮನೆತುಂಬ ಹೆಂಗಸರು ಕೂತು ತಾಳಿ ಪೋಣಿಸುತ್ತಿದ್ದಾಗ ಚಪ್ಪರದ ಕಂಬದ ಪಕ್ಕ ಜವರಯ್ಯನವರು ನಿಂತಿದ್ದರು. ಯಾವಾಗ ಬಂದರೋ ಗೊತ್ತಿಲ್ಲ. ಬಲಗೈ ಮುಷ್ಟಿ ಕಟ್ಟಿತ್ತು.

ನಾನು ಹತ್ತಿರ ಹೋದೆ. ಮುಷ್ಟಿ ಬಿಚ್ಚಿದರು. ಒಂದು ಕರಿಮಣಿ, ಬೆವರಿಗೆ ಒದ್ದೆಯಾಗಿತ್ತು. ನನ್ನ ಅಂಗಡಿಯದಲ್ಲ.

"ಇದ್ನ ಕೊಡ್ಬೌದಾ ಸಾವ್ಕಾರ್ರೆ?" ಎಂದರು. "ತಪ್ಪಾಗಕಿಲ್ವಾ?"

ಪ್ರೇಮಮ್ಮ ಎದ್ದು ಬಂದು ಎರಡೂ ಕೈ ಒಡ್ಡಿದಳು. ಜವರಯ್ಯನವರು ಮಣಿಯನ್ನು ಕೊಡದೆ ಒಳಗೆ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು.

"ಎಲ್ಲಾರ್ನೂ ಒಂದ್ ಮಾತು ಕೇಳ್ಬುಡಿ ತಾಯಿ" ಎಂದರು. "ಆಮೇಕೆ ಪೋಣ್ಸಿ."